ದೇವರ ಕೋಣೆಗೆ ಸೇರಿದ ಹ್ಯಾಂಡಲ್

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಪೇಪರ್ ಮಡಚಿಟ್ಟು, ಚಹಾದ ಕಪ್ಪು ಎತ್ತಿಕೊಂಡು, "ಈಗ ಅವೆಲ್ಲಾ ಎಲ್ಲಿ ಅದಾವ ಬಿಡ್ರಿ ಅಕ್ಕೋರ, ಕಾಲ ಬದಲಾಗ್ಯದ" ಎಂದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಕಾಲವಂತೆ, ಬದಲಾಗಿದೆಯಂತೆ! ಕಾಲವೇನು ಕೆಂಭಾವಿಯ ಬಸ್ಸೇ, ನಾವು ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿದ್ದರೆ ತಾನೇ ಬಂದು ಹತ್ತಿಸಿಕೊಂಡು ಹೋಗುವುದಕ್ಕೆ? ಆ ಬಸ್ಸೂ ಹಾಗೆ ಬರುವುದಿಲ್ಲ, ಅದು ಬೇರೆ ಮಾತು. ಹೀಗೆ ಹೇಳುವವರಲ್ಲಿ ಒಬ್ಬರೂ ಏನನ್ನೂ ಬದಲಿಸಲು ಹೋದವರಲ್ಲ. ಹೋದವರು ಯಾರೆಂದು ನನಗೆ ಗೊತ್ತು. ಅವರಲ್ಲಿ ಒಬ್ಬಳು ನನ್ನ ತಂಗಿ.

ನಮ್ಮೂರು ಕೆಂಭಾವಿಗೂ ಶಹಾಪುರಕ್ಕೂ ನಡುವೆ, ಡಾಂಬರು ರಸ್ತೆಯಿಂದ ಒಳಗೆ ಸರಿದಿದೆ. ನಾವು ಊರ ಹೊರಗಿನ ಕೇರಿಯವರು. ಕೃಷ್ಣೆಯ ಕಾಲುವೆ ನಮ್ಮ ಸೀಮೆಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ, ತಂಗಿ ಇನ್ನೂ ಸಣ್ಣವಳು. ಕಾಲುವೆ ಅಗೆಯುವಾಗ ಮಣ್ಣು ಹೊತ್ತವರಲ್ಲಿ ಹೆಚ್ಚಿನವರು ನಮ್ಮ ಕೇರಿಯ ಹೆಂಗಸರೇ. ನಮ್ಮವ್ವನೂ ಹೊತ್ತಿದ್ದಳು. ಮೊದಲ ಸಲ ನೀರು ಬಿಟ್ಟ ದಿನ ಇಡೀ ಊರು ದಂಡೆಯ ಮೇಲೆ ನಿಂತಿತ್ತು. ಕೆಂಪು ನೀರು, ಅದರ ಮುಂದೆ ನೊರೆ, ಕಸಕಡ್ಡಿ. ಅಪ್ಪ ಕೈ ಮುಗಿದ. ಮರಿಗಾಲುವೆಯ ಕಟ್ಟಕಡೆಗೆ ನಮ್ಮ ಕೇರಿಯವರ ಹೊಲಗಳಿವೆ, ಸರಕಾರ ಹಿಂದೆ ಯಾವಾಗಲೋ ಹಂಚಿದ ಮಡ್ಡಿ ನೆಲ. ಅಲ್ಲಿಯವರೆಗೂ ನೀರು ಬರುತ್ತದೆ ಎಂದು ನಕ್ಷೆಯಲ್ಲಿ ನೀಲಿ ಗೆರೆ ಎಳೆದಿದ್ದರು. ನಕ್ಷೆಯ ನೀರು ಕುಡಿದು ಮೆಣಸಿನ ಗಿಡ ಬೆಳೆಯುತ್ತದೆಯೇ?

ಊರ ಪಾಲಿನ ನೀರನ್ನು ದೊಡ್ಡ ಕಾಲುವೆಯಿಂದ ಮರಿಗಾಲುವೆಗೆ ಬಿಡುವುದಕ್ಕೆ ಒಂದು ಕಬ್ಬಿಣದ ಗೇಟಿದೆ. ಗೇಟು ಎತ್ತಬೇಕಾದರೆ ಅದರ ತಿರುಪಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ಹ್ಯಾಂಡಲ್ ಎಂದರೆ ಬಾಗಿಸಿದ ಒಂದು ಭಾರದ ಕಬ್ಬಿಣದ ಸರಳು, ಅಷ್ಟೆ. ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್ ಬೇರೆ ಊರಿನವನು. ದಿನಾ ಸೈಕಲ್ಲಿನ ಮೇಲೆ ಅದನ್ನು ಹೊತ್ತು ತಿರುಗಲಾರದೆ, ಹತ್ತಿರವೆಂದು ಗೌಡರ ಮನೆಯಲ್ಲಿ ಇಟ್ಟು ಹೋಗತೊಡಗಿದ. ಮೊದಮೊದಲು ಅದು ಗೌಡರ ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಕೊಟ್ಟಿಗೆಯ ತನಕ ನಮಗೂ ಪ್ರವೇಶವಿತ್ತು, ಸೆಗಣಿ ಬಳಿಯುವವರು ನಾವೇ ಅಲ್ಲವೇ? ಒಂದು ಸಲ ನಮ್ಮ ಕೇರಿಯವರು ಗ್ಯಾಂಗ್‌ಮನ್‌ನನ್ನು ಕಾಡಿ ಬೇಡಿ, ಹ್ಯಾಂಡಲನ್ನು ತಾವೇ ಕೊಟ್ಟಿಗೆಯಿಂದ ಎತ್ತಿಕೊಂಡು ಹೋಗಿ ಗೇಟು ಎತ್ತಿಸಿದರು. ಆ ವರ್ಷದ ಮಹಾನವಮಿಗೆ ಗೌಡರು ಕೂರಿಗೆ, ಟ್ರ್ಯಾಕ್ಟರುಗಳ ಜೊತೆಗೆ ಹ್ಯಾಂಡಲಿಗೂ ವಿಭೂತಿ ಕುಂಕುಮ ಹಚ್ಚಿ, ಹೂ ಏರಿಸಿ, ಆಯುಧ ಪೂಜೆ ಮಾಡಿದರು. ಹಬ್ಬ ಮುಗಿದ ಮೇಲೆ ಕೂರಿಗೆ ಹೊಲಕ್ಕೆ ಹೋಯಿತು, ಟ್ರ್ಯಾಕ್ಟರೂ ಹೊಲಕ್ಕೆ ಹೋಯಿತು. ಹ್ಯಾಂಡಲ್ ಮಾತ್ರ ದೇವರ ಕೋಣೆಗೆ ಹೋಯಿತು.

"ಪೂಜಿ ಆದ ಸಾಮಾನ ಅದ. ಕಂಡಕಂಡವ್ರು ಮುಟ್ಟೂದು ಬರೋಬರಿ ಅಲ್ಲ" ಎಂದರು ಗೌಡರು.

ಮುಗಿಯಿತು! ಬೀಗ ಹಾಕಲಿಲ್ಲ, ಕಾವಲಿಗೆ ನಾಯಿ ಕಟ್ಟಲಿಲ್ಲ, ಯಾರನ್ನೂ ಬೈಯಲಿಲ್ಲ. ಚಿಟಿಕೆ ಕುಂಕುಮದಲ್ಲಿ ಕೆಲಸ ಮುಗಿಸಿದರು. ಆ ಮನೆಯ ಹೊಸ್ತಿಲನ್ನೇ ದಾಟದ ನಾವು ದೇವರ ಕೋಣೆಯ ಸಾಮಾನನ್ನು ಕೇಳುವುದು ಹೇಗೆ? ಗ್ಯಾಂಗ್‌ಮನ್ ಬರುತ್ತಿದ್ದ, ಗೌಡರು ಸ್ನಾನ ಮಾಡಿ, ಕೈಮುಗಿದು, ಅದನ್ನು ತಂದು ಕೊಡುತ್ತಿದ್ದರು. ಅವರ ಗದ್ದೆಗಳು ತುಂಬಿದ ಮೇಲೆ ಗೇಟು ಇಳಿಯುತ್ತಿತ್ತು, ಅದು ಮತ್ತೆ ಒಳಗೆ. ನೆಲ್ಲು ಬೆಳೆಯಬೇಡಿ, ನೀರು ಕೊನೆಯ ಹೊಲಕ್ಕೆ ಮುಟ್ಟುವುದಿಲ್ಲ ಎಂದು ಕಾಲುವೆಯ ಸಾಹೇಬರು ಸಾರಿ ಸಾರಿ ಹೇಳಿದ್ದರೂ ಗೌಡರ ಹೊಲವೆಲ್ಲ ನೆಲ್ಲೇ. ಅವರ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಸಸಿ ಹಚ್ಚುವವರು ನಮ್ಮವ್ವ ಮತ್ತು ಅವಳ ಗುಂಪು. ದಿನವೆಲ್ಲ ನೀರಿನಲ್ಲಿ ನಿಂತು ಕಾಲ ಬೆರಳ ಸಂದಿ ಕೊಳೆಸಿಕೊಂಡು, ಸಂಜೆ ಬಂದು ಒಣಗಿದ ಮೆಣಸಿನ ಗಿಡ ನೋಡುವುದು. ಥೂ, ಅದೆಂಥ ಬಾಳು! ಅಪ್ಪನನ್ನು ಕೇಳಿದರೆ, "ದೇವ್ರ ಮನ್ಯಾಗ ಇಟ್ಟಾರವ್ವ, ನಾವು ಹ್ಯಾಂಗ ಮಾತಾಡೂದು?" ಎನ್ನುತ್ತಿದ್ದ. ಅಪ್ಪ ಕೆಟ್ಟವನಲ್ಲ, ಹೆದರುಪುಕ್ಕನೂ ಅಲ್ಲ. ಗೌಡರು ಹೇಳಿದ್ದನ್ನು ಅವನು ಮನಸಾರೆ ನಂಬಿಬಿಟ್ಟಿದ್ದ, ನನಗೆ ತಡೆಯಲಾಗದ್ದು ಅದೇ.

ಪಂಚಾಯತಿಯಲ್ಲಿ ಹೆಂಗಸರಿಗೆ ಮೀಸಲಾತಿ ಬಂದ ಹೊಸತು. ನಮ್ಮೂರ ಅಧ್ಯಕ್ಷ ಸ್ಥಾನ ನಮ್ಮ ಕೇರಿಯ ಹೆಂಗಸಿಗೇ ಬಂತು. ಗೌಡರು ಒಂದಿಷ್ಟೂ ತಲೆಕೆಡಿಸಿಕೊಳ್ಳಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇತ್ತು: ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತು, ಯಾವ ವಾರ್ಡಿಗೆ ಯಾರು ಎಂದು ಹೆಸರು ಹೇಳಿಬಿಟ್ಟರೆ, ಎದುರು ಯಾರೂ ನಿಲ್ಲುವಂತಿಲ್ಲ. ಅವಿರೋಧ ಆಯ್ಕೆ. ಪೇಪರಿನಲ್ಲೂ ಬರುತ್ತಿತ್ತು, ಒಗ್ಗಟ್ಟಿನ ಊರು ಎಂದು. ನಾವು ಕಟ್ಟೆಯ ಕೆಳಗೆ ಕೂತು ಒಗ್ಗಟ್ಟಾಗುತ್ತಿದ್ದೆವು. ಈ ಸಲವೂ ಗೌಡರು ತಮ್ಮ ಸೊಸೆಯನ್ನು ಒಂದು ವಾರ್ಡಿಗೆ ಹೇಳಿದರು. ಅಧ್ಯಕ್ಷ ಸ್ಥಾನಕ್ಕೆಂದು, ನಮ್ಮ ಕೇರಿಯಿಂದ, ತಮ್ಮ ಕೊಟ್ಟಿಗೆಯಲ್ಲಿ ದುಡಿಯುವ ಒಬ್ಬ ಅಜ್ಜಿಯ ಹೆಸರು ಹೇಳಿದರು. ಆ ಅಜ್ಜಿಗೆ ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಎಲ್ಲರೂ ತಲೆಯಾಡಿಸಿದರು.

ನನ್ನ ತಂಗಿ ಎದ್ದು ನಿಂತಳು. ಶಹಾಪುರದಲ್ಲಿ ಡಿಗ್ರಿ ಮುಗಿಸಿ ಆಗಷ್ಟೇ ಬಂದಿದ್ದಳು. "ನಾನೂ ನಿಂದರ್ತೀನ್ರಿ" ಎಂದಳು.

"ಎಲ್ಲಿ ನಿಂದರ್ತಿ ತಂಗಿ?" ಎಂದು ಗೌಡರು ನಕ್ಕರು. "ನಿಂತೇ ಇದ್ದೀಯಲ್ಲ."

ಕಟ್ಟೆಯೆಲ್ಲ ನಕ್ಕಿತು. ನಮ್ಮವರೂ ನಕ್ಕರು, ಅದೇ ಹೊಟ್ಟೆ ಉರಿಸುವುದು. ತಂಗಿ ನಗಲಿಲ್ಲ. "ಎಲೆಕ್ಷನ್ನಿಗಿ ನಿಂದರ್ತೀನಿ. ಆರಿಸಿ ಬಂದ್ರ ಹ್ಯಾಂಡಲ್ ಪಂಚಾಯ್ತಿ ಆಫೀಸಿಗಿ ತರ್ತೀನಿ" ಎಂದಳು. ನಗು ನಿಂತಿತು.

ರಸ್ತೆ ಎನ್ನಲಿಲ್ಲ, ಲೈಟು ಎನ್ನಲಿಲ್ಲ. ಯಾದಗಿರಿಯಿಂದ, ಸುರಪುರದಿಂದ ಬಿಳಿ ಅಂಗಿ ತೊಟ್ಟು ಬಂದು ಹಾರ ಹಾಕಿಸಿಕೊಂಡು ಹೋಗುತ್ತಿದ್ದ ಲೀಡರುಗಳ ಭಾಷಣದಲ್ಲಿ ಎಲ್ಲವೂ ಇರುತ್ತಿತ್ತು, ಹ್ಯಾಂಡಲ್ ಇರುತ್ತಿರಲಿಲ್ಲ. ಇವಳ ಬಾಯಲ್ಲಿ ಅದೊಂದೇ. ಅವಳ ಜೊತೆ ಓದಿದ ಹುಡುಗ ಹುಡುಗಿಯರು ಕಾಲುವೆಯ ಸೇತುವೆಯ ಮೇಲೆ ಸಂಜೆ ಕೂಡುತ್ತಿದ್ದರು. ನಮ್ಮ ಕೇರಿಯವರಷ್ಟೇ ಅಲ್ಲ, ಕೊನೆಯ ಹೊಲಗಳ ಸಣ್ಣ ರೈತರ ಮಕ್ಕಳೂ ಇದ್ದರು, ಲಿಂಗಾಯತರು, ಕುರುಬರು, ಸಾಬರು. ನೀರಿಲ್ಲದ ಹೊಲ ಜಾತಿ ಕೇಳಿ ಒಣಗುವುದಿಲ್ಲವಲ್ಲ. ನಾನು ಸರಕಾರಿ ಟೀಚರ್, ರಾಜಕೀಯ ಮಾತಾಡುವಂತಿಲ್ಲ. ಶನಿವಾರ ಊರಿಗೆ ಬಂದಾಗ ಅವರಿಗೆ ಚಹಾ ಮಾಡಿ ಕಳಿಸುತ್ತಿದ್ದೆ. ಅವರು ವಾದ ಮಾಡುವುದನ್ನು, ಒಬ್ಬರನ್ನೊಬ್ಬರು ಕಾಡಿಸುವುದನ್ನು ಕೇಳುತ್ತಿದ್ದರೆ ಎದೆ ತುಂಬಿ ಬರುತ್ತಿತ್ತು. ಅವರ ವಯಸ್ಸಿನಲ್ಲಿ ನಾವು ಹೀಗೆ ಜೋರಾಗಿ ಮಾತಾಡಿದ್ದೇ ಇಲ್ಲ. ಅಷ್ಟಕ್ಕೇ ನನ್ನ ಮೇಲೆ ಅರ್ಜಿ ಹೋಯಿತು. "ಅಕ್ಕೋರ, ಚಹಾ ಭಾಳ ಕುಡಸಾಕತ್ತೀರಂತ" ಎಂದು ಇಲಾಖೆಯ ಮೇಲಿನವರೊಬ್ಬರು ನಗುತ್ತ ಹೇಳಿ, ವರ್ಗಾವಣೆಯ ಮಾತೆತ್ತಿದರು. ಚಹಾಕ್ಕೂ ಹೆದರುವ ಮಂದಿ!

ಅವ್ವನ ಗುಂಪನ್ನು ಗೌಡರ ಗದ್ದೆಗೆ ಕರೆಯುವುದು ನಿಂತಿತು. ಗಿರಣಿಯವನು ನಮ್ಮ ಜೋಳ ಬೀಸಲು ಕರೆಂಟಿಲ್ಲ ಎಂದ, ನಮ್ಮ ಹಿಂದೆ ನಿಂತವರದು ಬೀಸಿಕೊಟ್ಟ. ಅವ್ವ ಗುಂಪು ಕಟ್ಟಿಕೊಂಡು ದೂರದ ಕ್ಯಾಂಪಿಗೆ ಹೋಗತೊಡಗಿದಳು. ಆಂಧ್ರದಿಂದ ಬಂದು ಭೂಮಿ ಹಿಡಿದವರ ವಸತಿಗೆ ನಾವು ಕ್ಯಾಂಪು ಎನ್ನುತ್ತೇವೆ. ಬೆಳಕು ಹರಿಯುವ ಮೊದಲು ಟ್ರ್ಯಾಕ್ಟರ್ ಹತ್ತುತ್ತ ದಿನಾ ತಂಗಿಗೆ ಬೈಗುಳ. "ಸಾಲಿ ಕಲಿಸಿದ್ದೇ ತಪ್ಪಾತು ನಿನಗ. ಊರ ಮುಂದ ಎದಿ ಸೆಟಸ್ಕೊಂಡು ನಿಂತಾಳ, ದೊಡ್ಡ ಮಾರಾಣಿ." ಆದರೆ ಕ್ಯಾಂಪಿನ ಗದ್ದೆಯಲ್ಲಿ ಸಸಿ ಹಚ್ಚುತ್ತ, ಸಾಲಿನ ಹೆಂಗಸರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: "ವೋಟು ಮಾತ್ರ ನನ್ನ ಮಗಳಿಗೇ ಹಾಕ್ರೇ, ಇಲ್ಲಂದ್ರ ನಿಮ್ಮ ಕಾಲು ಮುರೀತೀನಿ."

ತಂಗಿ ಗೆದ್ದಳು. ಅಧ್ಯಕ್ಷಳೂ ಆದಳು.

ಮೊದಲ ಸಭೆಯ ದಿನ ಆಫೀಸಿನ ಕಿಟಕಿಯ ಹೊರಗೆ ಜನವೋ ಜನ. ನಾನೂ ರಜೆ ಹಾಕಿ ನಿಂತಿದ್ದೆ. ಒಳಗೆ ಗೌಡರ ಸೊಸೆಯ ಕುರ್ಚಿಯಲ್ಲಿ ಗೌಡರ ಮಗ ಕೂತಿದ್ದ, ಕಾಲ ಮೇಲೆ ಕಾಲು ಹಾಕಿ. ಹೆಂಡತಿ ಮೆಂಬರು, ಗಂಡ ಮೀಟಿಂಗಿಗೆ. ಅದು ಎಲ್ಲ ಕಡೆಯ ರೂಢಿ, ಯಾರಿಗೂ ವಿಚಿತ್ರ ಎನಿಸಲಿಲ್ಲ. ತಂಗಿ ಅವನನ್ನು ಒಂದು ಸಲ ನೋಡಿದಳು, ಏನೂ ಅನ್ನಲಿಲ್ಲ. ಅವಳಿಗೆ ಅವತ್ತು ಬೇಕಾಗಿದ್ದು ಹ್ಯಾಂಡಲ್. ಗೇಟಿನ ಹ್ಯಾಂಡಲ್ ಇನ್ನು ಮುಂದೆ ಪಂಚಾಯತಿ ಆಫೀಸಿನಲ್ಲಿ ಇರತಕ್ಕದ್ದು ಎಂದು ನಿರ್ಣಯವಾಯಿತು. ಕೊನೆಯ ಹೊಲಗಳ ಮೆಂಬರುಗಳೆಲ್ಲ ಕೈ ಎತ್ತಿದರು. ಕಾಲುವೆಯ ಸಾಹೇಬರು, ಎಲ್ಲಿಟ್ಟರೂ ನಮ್ಮದೇನೂ ತಕರಾರಿಲ್ಲ ಎಂದರು. ಗೌಡರಿಗೆ ಸುದ್ದಿ ಮುಟ್ಟಿದಾಗ ಅವರೂ ತಕರಾರು ಮಾಡಲಿಲ್ಲ. "ಬ್ಯಾಡ ಅಂದವ್ರು ಯಾರು? ದೇವ್ರ ಮನ್ಯಾಗ ಅದ. ಬಂದು ತಗೊಂಡು ಹೋಗ್ಲಿ" ಎಂದು ಹೇಳಿ ಕಳಿಸಿದರು.

ಬಂದು ತಗೊಂಡು ಹೋಗ್ಲಿ! ಎಂಥ ಉಪಾಯ ನೋಡಿ. ಕೊಡುವುದಿಲ್ಲ ಎನ್ನಬೇಕಾಗಿಯೇ ಇಲ್ಲ.

ಮರುದಿನ ಹೊತ್ತೇರುವಾಗ ನಾವೆಲ್ಲ ಹೊರಟೆವು. ತಂಗಿ, ನಾನು, ಅಪ್ಪ, ಅವ್ವ, ಸೇತುವೆಯ ಮೇಲೆ ಕೂಡುತ್ತಿದ್ದ ಹುಡುಗರು, ಕೇರಿಯ ಅರ್ಧ ಜನ. ಆ ಹೊತ್ತಿಗೆ ಮೆಣಸಿನ ಗಿಡ ಎಲೆ ಮುದುಡಿ ನಿಂತಿತ್ತು, ಇನ್ನೊಂದು ವಾರ ನೀರಿಲ್ಲವೆಂದರೆ ಕಿತ್ತು ಒಲೆಗೆ ಹಾಕಬೇಕಿತ್ತು. ಗೌಡರ ಓಣಿ ಬಂದ ಕೂಡಲೇ ಅಪ್ಪ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡ. ತಂಗಿ, "ಅಪ್ಪಾ, ಹಾಕ್ಕೋ" ಎಂದಳು. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.

ಗೌಡರು ಪಡಸಾಲೆಯಲ್ಲಿ ಕೂತಿದ್ದರು. "ಬರ್ರಿ ಅಧ್ಯಕ್ಷರ" ಎಂದರು, ಎಳೆದು ಎಳೆದು. "ಒಳಗ ಅದ ನೋಡ್ರಿ. ಹೋಗಿ ತಗೋರಿ."

ತಂಗಿ ಹೊಸ್ತಿಲ ಕಡೆ ಹೆಜ್ಜೆ ಇಟ್ಟಳು. ಖರೇ ಹೇಳುತ್ತೇನೆ, ಅವಳು ಹೋಗುತ್ತಿದ್ದಳು. ಅಷ್ಟರಲ್ಲಿ ಅಪ್ಪ ಅಡ್ಡ ಬಂದ. ಮಗಳು ದೇವರ ಕೋಣೆಗೆ ಹೋಗಿ ಏನಾದರೂ ಅನಾಹುತವಾದರೆ ಎಂಬ ಹೆದರಿಕೆ ಅವನಿಗೆ. ಹೆಗಲ ಮೇಲಿನ ಟವೆಲ್ ತೆಗೆದು, ಎರಡೂ ತುದಿ ಹಿಡಿದು, ಮೆಟ್ಟಿಲ ಕೆಳಗೆ ಬಗ್ಗಿ ನಿಂತ. "ಧಣಿ, ಇದರಾಗ ಹಾಕ್ರಿ. ನಾ ಹೊತ್ಕೊಂಡು ಹೋಗ್ತೀನಿ" ಎಂದ.

ನಮ್ಮ ಕಡೆ ನಮ್ಮವರಿಗೆ ಏನು ಕೊಟ್ಟರೂ ಹೀಗೇ ಕೊಡುತ್ತಿದ್ದರು. ರೊಟ್ಟಿಯಾಗಲಿ, ಜೋಳವಾಗಲಿ, ಬೀಡಿಯಾಗಲಿ, ಮೇಲಿನಿಂದ ಬಟ್ಟೆಗೆ ಬೀಳಬೇಕು, ಕೈಗೆ ಕೈ ತಾಗಬಾರದು. ಅಪ್ಪ ತನ್ನಪ್ಪನಿಂದ ಕಲಿತದ್ದು ಅದು. ಮಗಳು ಅಧ್ಯಕ್ಷಳಾದ ಮೇಲೂ ಅವನ ಬೆನ್ನು ತಾನಾಗಿಯೇ ಬಗ್ಗಿತು. ಗೌಡರ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವರೇ ಎದ್ದು ಒಳಗೆ ಹೋಗಿ, ಕುಂಕುಮ ಮೆತ್ತಿದ ಹ್ಯಾಂಡಲನ್ನು ತಂದು, ಮೆಟ್ಟಿಲ ಮೇಲಿನಿಂದ ಟವೆಲಿಗೆ ಬಿಟ್ಟರು. ಭಾರಕ್ಕೆ ಅಪ್ಪ ಮುಗ್ಗರಿಸಿದ. ಹಿಂದಿದ್ದ ಕೇರಿಯವರು ಹೋ ಎಂದು ಕೂಗಿದರು. ಗೆದ್ದೆವು ಎಂದುಕೊಂಡರು ಪಾಪ! ನನಗೂ ಒಂದು ಕ್ಷಣ ಹಾಗೇ ಅನಿಸಿತು.

ತಂಗಿ ಟವೆಲಿನಿಂದ ಹ್ಯಾಂಡಲ್ ಎತ್ತಿದಳು. ನೇರ ಹೋಗಿ ಗೌಡರ ಕಾಲ ಬಳಿ, ಮೇಲಿನ ಮೆಟ್ಟಿಲ ಮೇಲೆ ವಾಪಸ್ ಇಟ್ಟಳು.

"ಕೈಯಾಗ ಕೊಡ್ರಿ ಗೌಡ್ರ."

"ಕೊಟ್ಟಾತಲ್ಲ ತಂಗಿ. ನಿಮ್ಮಪ್ಪ ತಗೊಂಡಾನ."

"ನಮ್ಮಪ್ಪ ಪಂಚಾಯ್ತಿ ಅಲ್ಲ. ನಾ ಅದೀನಿ. ನನ್ನ ಕೈಯಾಗ ಕೊಡ್ರಿ."

ಗೌಡರ ನಗು ಆರಿತು. ತಿರುಗಿ ಒಳಗೆ ಹೋದರು. ಹ್ಯಾಂಡಲ್ ಮೆಟ್ಟಿಲ ಮೇಲೆ ಬಿದ್ದಿತ್ತು. ತಂಗಿ ಅದರ ಪಕ್ಕದಲ್ಲಿ ಕೂತಳು. ಆಗ ಶುರುವಾಯಿತು ನಮ್ಮವರ ಗದ್ದಲ. ಗೌಡರ ಎದುರು ಬಾಯಿ ಬಿಡದವರಿಗೆಲ್ಲ ನನ್ನ ತಂಗಿಯ ಮೇಲೆ ಎಲ್ಲಿಲ್ಲದ ಶೌರ್ಯ ಬಂತು. ಸಿಕ್ಕಿದ್ದನ್ನು ಒದ್ದಳು ಎಂದರು, ತಲೆ ತಿರುಗಿದೆ ಎಂದರು. ಅಪ್ಪ ಟವೆಲ್ ಹಿಡಿದು ಅಲ್ಲೇ ನಿಂತಿದ್ದ, "ಏ ಹುಚ್ಚಿ, ನೀರು ಬಂದ್ರ ಸಾಕವ್ವ, ಹ್ಯಾಂಗ ಬಂದ್ರೇನು?" ಎಂದು ಅಳುವ ದನಿಯಲ್ಲಿ. ಅವ್ವ ಮುಂದೆ ಬಂದು, "ನಿನ್ನ ಕೈ ಏನ್ ಬಂಗಾರದ್ದೇನ? ಹೊಲ ಸುಡಾಕತ್ತದ, ಇಕೀಗಿ ಕೈಯಾಗ ಬೇಕಂತ! ತಗೊಂಡು ಏಳ್ತೀಯೋ ಇಲ್ಲೋ?" ಎಂದು ಕೂಗಿದಳು.

"ಟವೆಲಿನಾಗ ಇಸ್ಕೊಂಡ್ರ ಮತ್ತ ಟವೆಲಿನಾಗೇ ಬೇಡಬೇಕಾಗ್ತದ ಬೇ" ಎಂದಳು ತಂಗಿ. "ಅವ್ರು ಕೊಟ್ರು ಅಂತಾಗ್ತದ. ಅದು ಅವರದಲ್ಲ."

ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಅವ್ವ ಹೇಳುವುದು ಸುಳ್ಳಲ್ಲ, ಗಿಡ ಸಾಯುತ್ತಿದ್ದವು. ತಂಗಿ ಹೇಳುವುದೂ ಸುಳ್ಳಲ್ಲ. ಈ ಎರಡರಲ್ಲಿ ಒಂದನ್ನು ಆರಿಸು ಎಂದು ನಮ್ಮಂಥವರನ್ನೇ ಯಾಕೆ ನಿಲ್ಲಿಸುತ್ತಾರೆ? ನೀರು ಬೇಕಾದರೆ ಮಾನ ಬಿಡು, ಮಾನ ಬೇಕಾದರೆ ನೀರು ಬಿಡು. ಗೌಡರ ಮನೆಯಲ್ಲಿ ಯಾರಿಗೂ ಈ ಪ್ರಶ್ನೆ ಬಂದಿಲ್ಲ. ಬಿಸಿಲು ನೆತ್ತಿಗೆ ಬಂತು. ಒಬ್ಬೊಬ್ಬರೇ ಜಾಗ ಬಿಟ್ಟು ನೆರಳಿಗೆ ಸರಿದರು. ತಂಗಿಯ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಆಗ ಒಳಗಿನಿಂದ ಬಂದದ್ದು ಗೌಡರ ಸೊಸೆ. ಸುರಪುರದ ಕಡೆಯವಳು, ಮದುವೆಗೆ ಮುಂಚೆ ಕಾಲೇಜು ಮೆಟ್ಟಿಲು ಹತ್ತಿದವಳು ಎಂದು ಕೇಳಿದ್ದೆ. ಮುಖ ನೋಡಿದ್ದು ಅವತ್ತೇ. ತಲೆಯ ಮೇಲೆ ಸೆರಗು, ಕೈಗೆ ಅಂಟಿದ ಜೋಳದ ಹಿಟ್ಟು. ಯಾರ ಕಡೆಯೂ ನೋಡದೆ ಮೆಟ್ಟಿಲಿಳಿದು, ಎರಡೂ ಕೈಯಿಂದ ಹ್ಯಾಂಡಲ್ ಎತ್ತಿ ತಂಗಿಯ ಮುಂದೆ ಹಿಡಿದಳು. ತಂಗಿ ಎದ್ದು ನಿಂತಳು, ಕೈ ಚಾಚಿದಳು. ಆಕೆ ಮೇಲಿನಿಂದ ಬಿಡಲಿಲ್ಲ. ತಂಗಿಯ ಅಂಗೈಯಲ್ಲಿಟ್ಟು, ಅವಳು ಗಟ್ಟಿಯಾಗಿ ಹಿಡಿಯುವವರೆಗೆ ತಾನೂ ಹಿಡಿದಿದ್ದಳು. ತಂಗಿಯ ಬೆರಳಿಗೆಲ್ಲ ಹಿಟ್ಟು ಹತ್ತಿತು.

"ತಗೋರಿ ಅಧ್ಯಕ್ಷರ" ಎಂದಳು ಮೆಲ್ಲಗೆ. ಒಳಗಿನಿಂದ ಗೌಡರ ಗುಡುಗು ಕೇಳಿಸಿತು. ಆಕೆ ಒಳಗೆ ಹೋದಳು, ಬಾಗಿಲು ಮುಚ್ಚಿತು.

ನಾವು? ನಾವು ಹಲಗೆ ಬಾರಿಸಿಕೊಂಡು, ಕುಣಿದುಕೊಂಡು ಬಂದೆವು. ಗೇಟು ಎತ್ತಿದ್ದು ಗ್ಯಾಂಗ್‌ಮನ್, ತಿರುಗಿಸಿದ ಮೊದಲ ಸುತ್ತು ಮಾತ್ರ ತಂಗಿಯದು. ನೀರು ಕೊನೆಯ ಹೊಲಕ್ಕೆ ಮುಟ್ಟಿದಾಗ ಅಪ್ಪ ಮೆಣಸಿನ ಮಡಿಯಲ್ಲಿ ಕೂತು ಕಾಲು ತೊಯಿಸಿಕೊಂಡು ನಕ್ಕ. ಆ ಮುಚ್ಚಿದ ಬಾಗಿಲ ಹಿಂದೆ ಏನಾಯಿತೆಂದು ಅವತ್ತು ಕೇರಿಯಲ್ಲಿ ಒಬ್ಬರೂ ಕೇಳಲಿಲ್ಲ.

ಮುಂದಿನ ಸಭೆಗೆ ಮತ್ತೆ ಗೌಡರ ಮಗ ಬಂದ, ಹೆಂಡತಿಯ ಕುರ್ಚಿಯಲ್ಲಿ ಕೂತ. ಕಾರ್ಯದರ್ಶಿ ಹಾಜರಿ ಪುಸ್ತಕ ಅವನ ಮುಂದೆ ಸರಿಸಿದರು. ತಂಗಿ ಅದರ ಮೇಲೆ ಕೈಯಿಟ್ಟಳು. "ಮೆಂಬರ್ ಎಲ್ಲಿ?"

"ಆಕಿಗಿ ಆರಾಮಿಲ್ಲ."

"ಆರಾಮಾದ ಮ್ಯಾಲೆ ಬರ್ಲಿ. ನೀವು ಹೊರಗ ಕುಂದರ್ರಿ. ಮಂದಿ ವೋಟು ಕೊಟ್ಟಿದ್ದು ಆಕಿಗಿ."

"ವೋಟು ಯಾರು ಕೊಟ್ಟಾರ? ನಮ್ಮಪ್ಪ ಹೆಸರು ಹೇಳ್ಯಾನ, ಆಕಿ ಆಗ್ಯಾಳ" ಎಂದ ಅವನು. ಆ ಮಾತಾದರೂ ಖರೇ ಇತ್ತು. ಆದರೂ ತಂಗಿ ಬಿಡಲಿಲ್ಲ. ಅವನು ಕುರ್ಚಿ ಒದ್ದು ಹೊರಗೆ ಹೋದ.

ಅವತ್ತು ಶನಿವಾರ, ನಾನು ಊರಲ್ಲಿದ್ದೆ. ಸಭೆ ಮುಗಿದ ಮೇಲೆ ಇಬ್ಬರೂ ಗೌಡರ ಮನೆಗೆ ಹೋದೆವು. ಗೌಡರೂ ಮಗನೂ ಮನೆಯಲ್ಲಿರಲಿಲ್ಲ. ತಂಗಿ ಯಾರನ್ನೂ ಕೇಳದೆ ಒಳಗೆ ಹೋದಳು, ನಾನು ಹಿಂದೆ. ಆ ಹೊಸ್ತಿಲನ್ನು ನಾನು ದಾಟಿದ್ದು ಅದೇ ಮೊದಲು. ಆಕೆ ಒಲೆಯ ಮುಂದೆ ಇದ್ದಳು. ಎಡಗಣ್ಣಿನ ಕೆಳಗೆ ಹಸಿರುಗಟ್ಟಿದ ಬಾವು. ಕಂಡೂ ಕಾಣದ ಹಾಗೆ ಇರಲು ನನ್ನಿಂದ ಆಗಲಿಲ್ಲ. "ಯಾರು ಹೊಡೆದ್ರು?" ಎಂದೆ. ಎಂಥ ಪ್ರಶ್ನೆ!

"ಮೀಟಿಂಗಿಗಿ ಬರ್ರಿ" ಎಂದಳು ತಂಗಿ. "ನಿಮ್ಮ ಕುರ್ಚಿ ಖಾಲಿ ಇಟ್ಟೀನಿ."

ಆಕೆ ರೊಟ್ಟಿ ಮಗುಚಿ ಹಾಕಿದಳು. ತಿರುಗಿ ನೋಡದೆ ಅಂದಳು: "ನಿಮಗ ನೀರು ಬಂತಲ್ಲ, ಸಾಕು. ಹೋಗ್ರಿ. ನೀವು ಆ ಮೆಟ್ಟಿಲ ಮ್ಯಾಲೆ ಕುಂತಾಗ ನಿಮ್ಮ ಹಿಂದ ಇಡೀ ಕೇರಿ ನಿಂತಿತ್ತು. ಬೈದ್ರೂ ನಿಂತಿತ್ತು. ನಾ ಕುಂತ್ರ ನನ್ನ ಹಿಂದ ಯಾರು ನಿಂದರ್ತಾರ?"

ತಂಗಿ ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿ, ಗೋಡೆಗೆ ಒರಗಿ ಅತ್ತಳು. ಗೆದ್ದ ದಿನವೂ ಅಳದವಳು. ಅವ್ವ ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿದಳು.

ಮುಂದಿನ ಸಭೆಯ ದಿನ ಕ್ಯಾಂಪಿನ ಗದ್ದೆಯಲ್ಲಿ ಸಸಿ ಹಚ್ಚುವ ಕೆಲಸ ಅರ್ಧ ಆಗಿತ್ತು. ಅವ್ವ ಸಾಲಿನ ಮಧ್ಯೆ ಬೆನ್ನು ನೆಟ್ಟಗೆ ಮಾಡಿ, ಕೈಯಲ್ಲಿದ್ದ ಸಸಿಯ ಕಟ್ಟನ್ನು ಬದುವಿಗೆ ಎಸೆದಳಂತೆ. "ನಡೀರೇ, ಹೊಲ ಎಲ್ಲೂ ಓಡಿ ಹೋಗಂಗಿಲ್ಲ." ಗುಂಪೆಲ್ಲ ಎದ್ದಿತು. ಪಂಚಾಯತಿ ಆಫೀಸಿನ ಮುಂದೆ ನಿಂತಿದ್ದ ನಾನು ನೋಡುತ್ತಿದ್ದ ಹಾಗೆ, ಸೀರೆ ಎತ್ತಿ ಕಟ್ಟಿದ, ಮೊಣಕಾಲವರೆಗೆ ಕೆಸರು ಮೆತ್ತಿದ ಹೆಂಗಸರು ದುಡುದುಡು ಗೌಡರ ಓಣಿಗೆ ನುಗ್ಗಿದರು. ಒಬ್ಬಳೂ ಚಪ್ಪಲಿ ಕೈಗೆ ತೆಗೆದುಕೊಳ್ಳಲಿಲ್ಲ. ನಾನು ಓಡಿದೆ. ಗೌಡರು ಪಡಸಾಲೆಯಲ್ಲಿ ಎದ್ದು ನಿಂತಿದ್ದರು. ಅವ್ವ ಅವರ ಕಡೆ ನೋಡದೆ, ಒಳಗೆ ಮುಖ ಮಾಡಿ ಕೂಗಿದಳು: "ಯವ್ವಾ ಮೆಂಬರ! ಹಿಂದ ಯಾರು ಅದಾರ ಅಂತ ಕೇಳಿದ್ದಿ ಅಂತಲ್ಲ. ನಾವದೀವಿ. ಬಾ, ಹೊತ್ತಾಗ್ತದ."

ಆಮೇಲೆ ಆಕೆ ಬಂದಳು. ಸೆರಗು ಮುಖದ ಮೇಲೆ ಎಳೆದುಕೊಂಡು, ಕೆಸರಿನ ಕಾಲುಗಳ ನಡುವೆ ನಡೆದು ಬಂದಳು. ಸಭೆಯಲ್ಲಿ ತನ್ನ ಕುರ್ಚಿಯ ತುದಿಯ ಮೇಲೆ ಕೂತು, ತಲೆ ತಗ್ಗಿಸಿಯೇ ಇದ್ದಳು. ನೀರಿನ ಮಾತು ಬಂತು. ಗೇಟು ಎತ್ತಿದರೂ ಕೊನೆಗೆ ಬರುವ ನೀರು ದಿನದಿನಕ್ಕೆ ಸಣ್ಣಗಾಗುತ್ತಿದೆ, ಯಾಕೆ ಎಂದು ಯಾರಿಗೂ ತಿಳಿಯುತ್ತಿಲ್ಲ ಎಂದರು. ತಿಳಿದವರೂ ಸುಮ್ಮನಿದ್ದರು.

ಆಕೆ ತಲೆ ಎತ್ತಿದಳು. "ನಮ್ಮ ಹೊಲದ ಕಡೀಗಿ ದಂಡಿ ಒಡೆದು ಪೈಪು ಹಾಕ್ಯಾರ. ಮೊದ್ಲ ಅದನ್ನ ಬಂದ್ ಮಾಡ್ಸ್ರಿ. ಎಲ್ಲಿ ಅದ ನಾ ತೋರಸ್ತೀನಿ."

ಕಿಟಕಿಯ ಹೊರಗೆ ಗೌಡರ ಮಗ ನಿಂತಿದ್ದ. ಅವನ ಮುಖ ನಾನು ನೋಡಿದೆ, ಆಕೆಯೂ ನೋಡಿದಳು. ಪೈಪು ತೆಗೆಸಬೇಕೆಂದು ನಿರ್ಣಯವಾಯಿತು. ಮೆಂಬರುಗಳು ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಮನೆಗೆ ಹೊರಟರು. ಆಕೆಯೂ ಹೊರಡಬೇಕಿತ್ತು. ಅದೇ ಮನೆಗೆ! ನಿರ್ಣಯ ಬರೆಯುವವರು ಇದನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ? ಕಾಲ ಬದಲಾಯಿತು ಎನ್ನುವ ನನ್ನ ಸ್ಟಾಫ್ ರೂಮಿನ ದೊಡ್ಡ ಮನುಷ್ಯರು ಆ ಸಂಜೆ ಆಕೆಯ ಜೊತೆ ಆ ಓಣಿಯಲ್ಲಿ ನಡೆದಿದ್ದರೆ ಗೊತ್ತಾಗುತ್ತಿತ್ತು.

ಅವ್ವನ ಗುಂಪು ಗದ್ದೆಗೆ ವಾಪಸ್ ಹೋಗಿರಲಿಲ್ಲ. ಕಾಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಆಕೆಯನ್ನು ನಡುವೆ ಹಾಕಿಕೊಂಡು ಗೌಡರ ಮನೆಯವರೆಗೆ ನಡೆದರು. ಆಕೆ ಒಬ್ಬಳೇ ಒಳಗೆ ಹೋದಳು. ಗೌಡರು ಬಾಗಿಲು ಹಾಕಲು ಬಂದರು. ಅವ್ವ ಮೆಟ್ಟಿಲು ಹತ್ತಿ, ಹೊಸ್ತಿಲ ಮೇಲೆ ಕಾಲಿಟ್ಟು ನಿಂತಳು.

"ಮುಂದಿನ ಮೀಟಿಂಗಿಗೂ ಕರೀಲಿಕ್ಕ ಬರ್ತೀವ್ರಿ ಗೌಡ್ರ" ಎಂದಳು. "ಆಕಿ ನೆಟ್ಟಗ ನಡ್ಕೊಂಡು ಹೊರಗ ಬರಬೇಕು. ಬರ್ಲಿಲ್ಲ ಅಂದ್ರ ನಾವು ಒಳಗ ಬರ್ತೀವಿ."